ಯುಗಾದಿಗೆ ಊರಿಗೆ ಬರುತ್ತೀರಾ? ಜಾತ್ರೆ, ಅರವಟ್ಟಿಗೆ, ಕೆರೆ ಕೆಲಸಕ್ಕೆ ಕೈ ಹಾಕುವುದು ಹೀಗೆ

ಶಿವರಾತ್ರಿ ಮುಗಿಯುತ್ತಿದ್ದ ಹಾಗೆ ಒಂದೇ ಪ್ರಶ್ನೆ ಬೇರೆ ಬೇರೆಯವರಿಂದ ಬರಲು ಶುರುವಾಗುತ್ತದೆ. "ಬೆಂಗಳೂರಿನಲ್ಲಿದ್ದೇವೆ, ಹಬ್ಬಕ್ಕೆ ನಾಲ್ಕು ದಿನ ಊರಿಗೆ ಬರುತ್ತೇವೆ, ಊರಿಗೆ ಏನಾದರೂ ಮಾಡಬೇಕು ಅನ್ನಿಸುತ್ತೆ, ಎಲ್ಲಿಂದ ಶುರು ಮಾಡಲಿ?" ಊರಲ್ಲೇ ಇರುವ, ಪಿಯುಸಿ ಪರೀಕ್ಷೆ ಮುಗಿಸಿದ ಹುಡುಗ ಹುಡುಗಿಯರೂ ಕೇಳುತ್ತಾರೆ. ನಿವೃತ್ತರಾದ ಮೇಷ್ಟ್ರುಗಳೂ ಕೇಳುತ್ತಾರೆ. ಎಲ್ಲರಿಗೂ ಒಟ್ಟಿಗೆ ಇಲ್ಲಿ ಉತ್ತರ ಕೊಡುತ್ತಿದ್ದೇನೆ. ಹೋಬಳಿ ಊರು, ಚಿಕ್ಕ ತಾಲ್ಲೂಕು ಕೇಂದ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ರೂಢಿಗಳು ಹೆಚ್ಚಾಗಿ ಹಳೇ ಮೈಸೂರು ಕಡೆಯವು. ನಿಮ್ಮ ಸೀಮೆಗೆ ತಕ್ಕಂತೆ ಬದಲಾಯಿಸಿಕೊಳ್ಳಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊದಲ ವರ್ಷ ಹೊಸದೇನನ್ನೂ ಶುರು ಮಾಡಬೇಡಿ. ಊರಲ್ಲಿ ಈಗಾಗಲೇ ನಡೆಯುತ್ತಿರುವ ಒಂದು ಕೆಲಸಕ್ಕೆ ಸೇರಿಕೊಳ್ಳಿ. ಟ್ರಸ್ಟ್, ಲೋಗೋ, ಟೀ ಶರ್ಟ್ ಎಲ್ಲ ಮಾಡಿಕೊಂಡು ಬಂದ ಎಷ್ಟೋ ತಂಡಗಳು ಎರಡನೇ ಯುಗಾದಿ ನೋಡುವುದಿಲ್ಲ. ಬಸ್‌ಸ್ಟ್ಯಾಂಡ್ ಪಕ್ಕದಲ್ಲಿ ಪ್ರತಿ ವರ್ಷ ಸುಮ್ನೆ ನೀರಿನ ಗುಡಾಣ ಇಡುವ ಅಂಗಡಿಯವರು ಮಾತ್ರ ಇಟ್ಟುಕೊಂಡೇ ಬರುತ್ತಾರೆ. ನಿಮಗೆ ಬೇಕಾದವರು ಅವರು.

1. ಮೊದಲು ದಿನ ನೋಡಿಕೊಳ್ಳಿ

ಗೋಡೆಯ ಕ್ಯಾಲೆಂಡರ್ ತೆಗೆದುಕೊಂಡು ಶಿವರಾತ್ರಿಯಿಂದ ಮೇ ಕೊನೆಯವರೆಗೆ ಗುರುತು ಹಾಕಿ. ಯುಗಾದಿ ಚೈತ್ರ ಶುದ್ಧ ಪಾಡ್ಯ. ಅಲ್ಲಿಂದ ಒಂಬತ್ತನೇ ದಿನಕ್ಕೆ ರಾಮನವಮಿ, ಅಂದರೆ ಪಾನಕ, ಮಜ್ಜಿಗೆ, ಕೋಸಂಬರಿ. ಏಪ್ರಿಲ್ 14 ಅಂಬೇಡ್ಕರ್ ಜಯಂತಿ. ಆಮೇಲೆ ಅಕ್ಷಯ ತದಿಗೆಯ ದಿನವೇ ಬಸವ ಜಯಂತಿ. ಈ ನಡುವೆ ನಿಮ್ಮೂರಿನ ತೇರು, ಪಕ್ಕದೂರಿನ ಜಾತ್ರೆ, ಗ್ರಾಮದೇವತೆ ಹಬ್ಬ. ಮೇಲುಕೋಟೆಯ ವೈರಮುಡಿ, ಐದು ತೇರುಗಳ ನಂಜನಗೂಡು ದೊಡ್ಡ ಜಾತ್ರೆ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆ ಎಲ್ಲವೂ ಹೆಚ್ಚು ಕಡಿಮೆ ಇದೇ ಕಾಲದವು. ದೊಡ್ಡ ಜಾತ್ರೆಯ ದಿನ ನಿಮ್ಮೂರಿನ ಶಾಮಿಯಾನ, ಪಾತ್ರೆ, ಟ್ರ್ಯಾಕ್ಟರ್, ಅಡುಗೆಯವರು ಎಲ್ಲ ಆ ಕಡೆಗೇ ಹೋಗಿರುತ್ತಾರೆ. ಅದನ್ನೂ ನೋಡಿಕೊಳ್ಳಿ.

ದಿನ ಇಡುವಾಗ ಜನ ಎಡವುವುದು ಮೂರು ಕಡೆ:

- ಯುಗಾದಿಯ ಮಾರನೇ ದಿನ ಹೊಸತೊಡಕು. "ರಜೆ ಇದೆ, ಎಲ್ಲರೂ ಊರಲ್ಲೇ ಇರ್ತಾರೆ" ಅಂತ ಆ ದಿನ ಶ್ರಮದಾನ ಇಟ್ಟರೆ ನೀವೊಬ್ಬರೇ ಗುದ್ದಲಿ ಹಿಡಿದು ನಿಂತಿರುತ್ತೀರಿ. ಬಾಡೂಟದ ಮುಂದೆ ಕೆರೆ ಹೂಳು ನಿಲ್ಲುತ್ತದೆಯೇ?
- ಗ್ರಾಮದೇವತೆ ಹಬ್ಬಕ್ಕೆ ಸಾರು ಹಾಕಿದ ಮೇಲೆ, ಅಂದರೆ ತಮಟೆ ಹೊಡೆದು ಹಬ್ಬ ಸಾರಿದ ಮೇಲೆ, ಕೆಲವು ಊರುಗಳಲ್ಲಿ ನೆಲ ಅಗೆಯುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ, ಊರು ಬಿಟ್ಟು ಹೋಗಿ ರಾತ್ರಿ ತಂಗುವಂತಿಲ್ಲ. ನಿಮಗೆ ಅದರಲ್ಲಿ ನಂಬಿಕೆ ಇದೆಯೋ ಇಲ್ಲವೋ, ಆ ವಾರ ಅಗೆತದ ಕೆಲಸ ಇಡಬೇಡಿ. ಹಿರಿಯರನ್ನು ಕೇಳಿ ಕಟ್ಟುಪಾಡು ತಿಳಿದುಕೊಳ್ಳಿ.
- ಮಾರ್ಚ್ ತಿಂಗಳು ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ಕಾಲ. ಮೈಕ್ ಬೇಕಾದರೆ ಪೊಲೀಸ್ ಠಾಣೆಯಿಂದ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ.

ಮಕ್ಕಳಿಗೆ ಬೇಸಿಗೆ ರಜೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ. ಮಕ್ಕಳ ಶಿಬಿರಕ್ಕೆ ಬೇರೆ ಕಾಲ ಇಲ್ಲ.

2. ಯಾರನ್ನು ಕೇಳಬೇಕು?

ಊರು ಯಾವ ಆಡಳಿತದಡಿ ಬರುತ್ತದೆ ಅನ್ನುವುದು ಮೊದಲು ಗೊತ್ತಿರಲಿ. ಹಳ್ಳಿಯಾದರೆ ಗ್ರಾಮ ಪಂಚಾಯಿತಿ. ಅಲ್ಲಿ ಕೆಲಸ ನಡೆಸುವ ಸರ್ಕಾರಿ ಅಧಿಕಾರಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಸ್ವಲ್ಪ ದೊಡ್ಡದಾದರೆ ಪಟ್ಟಣ ಪಂಚಾಯಿತಿ ಅಥವಾ ಪುರಸಭೆ, ಅಲ್ಲಿ ಮುಖ್ಯಾಧಿಕಾರಿ. ದೇವಸ್ಥಾನ ಮುಜರಾಯಿಗೆ ಸೇರಿದ್ದರೆ, ಅಂದರೆ ಸರ್ಕಾರದ ಧಾರ್ಮಿಕ ದತ್ತಿ ಇಲಾಖೆಯದ್ದಾದರೆ, ಜಾತ್ರೆಯ ಮಾತು ತಹಶೀಲ್ದಾರ್ ಕಚೇರಿವರೆಗೂ ಹೋಗುತ್ತದೆ. ಊರ ದೇವಸ್ಥಾನವಾದರೆ ಯಜಮಾನರು, ಜಾತ್ರಾ ಸಮಿತಿ.

ಇದು ಕಾಗದದ ಮಾತಾಯಿತು. ನಿಜವಾಗಿ ಕೆಲಸ ಗೊತ್ತಿರುವವರು ಬೇರೆಯೇ ಇರುತ್ತಾರೆ. ಸ್ತ್ರೀಶಕ್ತಿ ಸಂಘದ ಹೆಂಗಸರು, ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ನೀರು ಬಿಡುವ ವಾಟರ್‌ಮ್ಯಾನ್, ಶಾಲೆಯ ಎಸ್‌ಡಿಎಂಸಿ (ಪೋಷಕರೂ ಸೇರಿ ಶಾಲೆ ನೋಡಿಕೊಳ್ಳುವ ಸಮಿತಿ), ಶಾಮಿಯಾನದ ಅಂಗಡಿಯವರು. ಅವರ ಹತ್ತಿರ ಹೋಗಿ ಕೇಳಬೇಕಾದದ್ದು ಒಂದೇ: "ಅಕ್ಕಾ, ಹೋದ ವರ್ಷ ಈ ಕೆಲಸದಲ್ಲಿ ಏನು ಕಮ್ಮಿ ಬಿತ್ತು?" ಉತ್ತರ ಎಲ್ಲೋ "ಮಧ್ಯಾಹ್ನದ ಮೇಲೆ ನೀರು ತುಂಬೋಕೆ ಜನ ಇರ್ಲಿಲ್ಲ" ಅಂತಲೋ, "ಲೋಟ ತೊಳೆಯೋರು ಸಿಗ್ಲಿಲ್ಲ" ಅಂತಲೋ ಬರುತ್ತದೆ. ನಿಮ್ಮ ಕೆಲಸ ಸಿಕ್ಕಿತು.

ಫೋನಿನಲ್ಲಿ ಮುಗಿಸಬೇಡಿ. ಒಂದು ಸಲ ಮುಖ ತೋರಿಸಿ, ಕೂತು ಕಾಫಿ ಕುಡಿದು ಬನ್ನಿ. ನೀವು ಇಂಥವರ ಮಗ, ಇಂಥವರ ಮೊಮ್ಮಗಳು ಅಂತ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

3. ಅರವಟ್ಟಿಗೆ: ಮೊದಲ ಸಲದವರಿಗೆ ಇದೇ ಸರಿ

ದಾರಿಯಲ್ಲಿ ಹೋಗುವವರಿಗೆ ಬಿಟ್ಟಿಯಾಗಿ ನೀರು, ಮಜ್ಜಿಗೆ, ಪಾನಕ ಕೊಡುವ ಜಾಗವೇ ಅರವಟ್ಟಿಗೆ. ಸುಲಭದ ಕೆಲಸ ಅನ್ನಿಸುತ್ತದೆ, ಅಲ್ವಾ? ತಪ್ಪಾಗುವುದೂ ಇಲ್ಲೇ ಜಾಸ್ತಿ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಾಗ: ಮರದ ನೆರಳಿರಲಿ. ತೇರು ಹೋಗುವ ಬೀದಿಯಲ್ಲಿ ಬೇಡ, ಅಡ್ಡ ಬೀದಿಯ ಬಾಯಲ್ಲಿ ಇರಲಿ. ಬೆಳಿಗ್ಗೆ ನೆರಳಿದ್ದ ಕಡೆ ಮಧ್ಯಾಹ್ನ ಬಿಸಿಲು ಬರುತ್ತದೆ. ಹಿಂದಿನ ದಿನ 1 ಗಂಟೆಗೆ ಹೋಗಿ ನೆರಳು ಎಲ್ಲಿ ಬೀಳುತ್ತದೆ ನೋಡಿ ಬನ್ನಿ.

ಲೆಕ್ಕ: ಒಂದು ಲೋಟಕ್ಕೆ 200 ಮಿ.ಲೀ. ಹಿಡಿಯಿರಿ. 500 ಲೋಟಕ್ಕೆ 100 ಲೀಟರ್, ಅಂದರೆ 20 ಲೀಟರಿನ 5 ಕ್ಯಾನು. ಬಿಸಿಲಲ್ಲಿ ನಡೆದು ಬಂದವರು ಎರಡು ಲೋಟ ಕುಡಿಯುತ್ತಾರೆ, ಅದಕ್ಕೆ ಇದರ ಎರಡರಷ್ಟು ಇಟ್ಟುಕೊಳ್ಳಿ. ಲೋಟ ತೊಳೆಯುವ ನೀರು ಬೇರೆ, ಅದು ಒಂದು ಡ್ರಮ್ಮಾದರೂ ಬೇಕು.

ನೀರು: ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕ ಇದ್ದರೆ ಹಿಂದಿನ ರಾತ್ರಿಯೇ ತುಂಬಿಸಿಡಿ. ಜಾತ್ರೆ ದಿನ ಅಲ್ಲಿ ಸಾಲು ಇರುತ್ತದೆ, ಕರೆಂಟೂ ಕೈ ಕೊಡಬಹುದು. ಬೋರ್‌ವೆಲ್ ನೀರು ಕಣ್ಣಿಗೆ ತಿಳಿಯಾಗಿ ಕಂಡರೆ ಸಾಲದು. ಕುದಿಸಿ ಆರಿಸಿ, ಇಲ್ಲವೇ ಕ್ಲೋರಿನ್ ಮಾತ್ರೆಯನ್ನು ಚೀಟಿಯಲ್ಲಿ ಬರೆದ ಅಳತೆಗೆ ಹಾಕಿ ಅರ್ಧ ಗಂಟೆ ಬಿಡಿ. ಮಾತ್ರೆಗೆ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರವನ್ನೋ ವಿಚಾರಿಸಿ.

ಮಜ್ಜಿಗೆ: 10 ಲೀಟರ್ ಮೊಸರಿಗೆ 30ರಿಂದ 40 ಲೀಟರ್ ನೀರು. ಉಪ್ಪು, ಜಜ್ಜಿದ ಶುಂಠಿ, ಕರಿಬೇವು, ಕೊತ್ತಂಬರಿ, ಚೂರು ಇಂಗು. ಹಸಿಮೆಣಸಿನಕಾಯಿ ಹದವಾಗಿರಲಿ, ಮಕ್ಕಳೂ ಕುಡಿಯುತ್ತಾರೆ. ಒಂದೇ ಸಲ ಎಲ್ಲವನ್ನೂ ಕಡೆಯಬೇಡಿ. ಎರಡು ಗಂಟೆಗೆ ಖರ್ಚಾಗುವಷ್ಟು ಮಾತ್ರ ಮಾಡಿಕೊಳ್ಳಿ, ಉಳಿದ ಮೊಸರು ತಣ್ಣಗಿರಲಿ. ಅಜ್ಜಿ ಕಾಲದ ಹಿತ್ತಾಳೆ ಹಂಡೆ ಚೆನ್ನಾಗಿ ಕಾಣುತ್ತದೆ ಅಂತ ಕಲಾಯಿ ಇಲ್ಲದ ಹಂಡೆಯಲ್ಲಿ ಮಜ್ಜಿಗೆ ಹುಯ್ದರೆ ಕಿಲುಬು ಬಿಟ್ಟು ಹೊಟ್ಟೆ ಕೆಡುತ್ತದೆ. ಸ್ಟೀಲ್ ಪಾತ್ರೆಯೇ ಸಾಕು.

ಪಾನಕ: 1 ಕೆ.ಜಿ. ಬೆಲ್ಲಕ್ಕೆ 6ರಿಂದ 7 ಲೀಟರ್ ನೀರು. ಬೆಲ್ಲ ಕರಗಿಸಿ ಸೋಸಲೇಬೇಕು, ಮಣ್ಣು ಕಡ್ಡಿ ಇರುತ್ತದೆ. ನಿಂಬೆಹಣ್ಣು, ಏಲಕ್ಕಿ, ಒಣಶುಂಠಿ, ಕಾಳುಮೆಣಸು. ನೊಣ ಮುತ್ತುವುದು ಪಾನಕಕ್ಕೇ ಹೆಚ್ಚು. ತೆಳು ಬಟ್ಟೆ ಮುಚ್ಚಿಡಿ.

ಐಸು: ಮೀನು ಇಡಲು ಮಾಡುವ ಐಸ್‌ಗಟ್ಟಿಯನ್ನು ಒಳಗೆ ಹಾಕಬೇಡಿ. ಅದು ಕುಡಿಯುವ ನೀರಿನದ್ದೇ ಅನ್ನುವ ಖಾತ್ರಿ ಇಲ್ಲ. ಪಾತ್ರೆಯ ಸುತ್ತ ಹೊರಗೆ ಇಡಿ.

ಲೋಟ: ಪ್ಲಾಸ್ಟಿಕ್ ಲೋಟ ಬಳಸುವಂತಿಲ್ಲ. ಕರ್ನಾಟಕದಲ್ಲಿ 2016ರಿಂದ, ದೇಶದಲ್ಲೆಲ್ಲ 2022ರ ಜುಲೈ 1ರಿಂದ ನಿಷೇಧವಿದೆ. ಕಾಗದದ ಲೋಟದ ಒಳಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ ಪದರ ಇರುತ್ತದೆ, ಸಂಜೆ ಬೀದಿ ತುಂಬ ಅದೇ ಬಿದ್ದಿರುತ್ತದೆ. ಮದುವೆ ಛತ್ರದಿಂದ 200 ಸ್ಟೀಲ್ ಲೋಟ ಬಾಡಿಗೆಗೆ ತನ್ನಿ. ತೊಳೆಯಲು ಇಬ್ಬರು ಬೇಕು, ಅವರನ್ನು ಗಂಟೆಗೊಮ್ಮೆ ಬದಲಾಯಿಸಿ. ಎಲ್ಲರೂ ಹಂಚಲು ನಿಂತು ತೊಳೆಯಲು ಯಾರೂ ಇಲ್ಲದಿದ್ದರೆ ಅರವಟ್ಟಿಗೆ ಒಂದು ಗಂಟೆಯಲ್ಲೇ ನಿಲ್ಲುತ್ತದೆ. ಹೊಸದಾಗಿ ಬಂದವರು ತೊಳೆಯುವುದಕ್ಕೇ ಮೊದಲು ಕೂರಿ ಅನ್ನುವುದು ನನ್ನ ಸಲಹೆ. ಊರು ಗಮನಿಸುವುದೂ ಅದನ್ನೇ.

ಇನ್ನೊಂದು ಮಾತು, ಇದರಲ್ಲಿ ರಾಜಿ ಇಲ್ಲ. ಎಲ್ಲರಿಗೂ ಒಂದೇ ಲೋಟ, ಒಂದೇ ಸಾಲು. "ಅವರಿಗೆ ಬೇರೆ ಲೋಟ ಇಡೋಣ" ಅಂತಲೋ, ಮೇಲಿನಿಂದ ಬೊಗಸೆಗೆ ಹುಯ್ಯೋಣ ಅಂತಲೋ ಯಾರಾದರೂ ಹೇಳಿದರೆ ಅಲ್ಲೇ ತಡೆಯಿರಿ. ಅಸ್ಪೃಶ್ಯತೆಯ ಆಚರಣೆ 1955ರ ಕಾಯ್ದೆಯಿಂದಲೇ ಶಿಕ್ಷಾರ್ಹ ಅಪರಾಧ. ಅದು ಬದಲಾಗುವುದಿಲ್ಲ ಅನ್ನಿಸಿದರೆ ಆ ಅರವಟ್ಟಿಗೆಗೆ ನೀವು ಸೇರಬೇಡಿ.

ಬಿಸಿಲಿಗೆ ತಲೆ ಸುತ್ತಿ ಬಂದವರನ್ನು ನೆರಳಿಗೆ ಕೂರಿಸಿ, ಒದ್ದೆ ಬಟ್ಟೆಯಲ್ಲಿ ಕೈ ಕಾಲು ಕುತ್ತಿಗೆ ಒರೆಸಿ. 1 ಲೀಟರ್ ಶುದ್ಧ ನೀರಿಗೆ 6 ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು (ಎರಡೂ ಚಮಚದ ಮಟ್ಟಕ್ಕೆ) ಕರಗಿಸಿ ಗುಟುಕು ಗುಟುಕಾಗಿ ಕೊಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹುಯ್ಯಬೇಡಿ. 108ಕ್ಕೆ ಫೋನ್ ಮಾಡಿ.

4. ಜಾತ್ರೆಯಲ್ಲಿ ತೇರಿನಿಂದ ದೂರದ ಕೆಲಸ

ತೇರು ಎಳೆಯುವುದು, ಚಕ್ರಕ್ಕೆ ಮರದ ದಿಮ್ಮಿ ಕೊಟ್ಟು ದಾರಿ ತಿರುಗಿಸುವುದು ತಲೆಮಾರಿನಿಂದ ಮಾಡಿಕೊಂಡು ಬಂದವರ ಕೆಲಸ. ಉತ್ಸಾಹದಲ್ಲಿ ಚಕ್ರದ ಹತ್ತಿರ ಹೋಗಬೇಡಿ. ಈ ಕಾಲದಲ್ಲಿ ಸಂಜೆ ಗಾಳಿ ಇದ್ದಕ್ಕಿದ್ದ ಹಾಗೆ ಏಳುತ್ತದೆ. ಆನೇಕಲ್ ತಾಲ್ಲೂಕಿನ ಹುಸ್ಕೂರು ಮದ್ದೂರಮ್ಮ ಜಾತ್ರೆಯಲ್ಲಿ 2024ರಲ್ಲೂ 2025ರಲ್ಲೂ ಎತ್ತರದ ತೇರು ಉರುಳಿಬಿತ್ತು, 2025ರಲ್ಲಿ ಜೀವಹಾನಿಯೂ ಆಯಿತು. ಮೋಡ ಕಟ್ಟಿದರೆ ಜನರನ್ನು ತೇರಿನಿಂದ, ಶಾಮಿಯಾನದಿಂದ ದೂರ ಕಳಿಸಲು ನಾಲ್ಕು ಜನ ಇದ್ದರೂ ದೊಡ್ಡ ಸಹಾಯ.

ಜನ ಬೇಕಾಗಿರುವುದು ಬೇರೆ ಕಡೆ: ಬೈಕು ಕಾರು ನಿಲ್ಲಿಸುವ ಹೊಲದಲ್ಲಿ, ಹೆಂಗಸರ ಶೌಚಾಲಯಕ್ಕೆ ನೀರು ತುಂಬಲು, ಊಟದೆಲೆ ಎತ್ತಲು, ಕಳೆದುಹೋದ ಮಕ್ಕಳನ್ನು ಕೂರಿಸಿಕೊಳ್ಳಲು. ಈ ಕೊನೆಯ ಕೆಲಸಕ್ಕೆ ಒಂದು ಎಚ್ಚರಿಕೆ. ಸಿಕ್ಕಿದ ಮಗುವಿನ ಹೆಸರು, ಬಟ್ಟೆಯ ಬಣ್ಣ ಎಲ್ಲವನ್ನೂ ಮೈಕಿನಲ್ಲಿ ಕೂಗಿ ಹೇಳಬೇಡಿ. "ಒಂದು ಮಗು ಸಿಕ್ಕಿದೆ, ಮನೆಯವರು ಬನ್ನಿ" ಅಂದರೆ ಸಾಕು. ಬಂದವರೇ ಗುರುತು ಹೇಳಲಿ. ಮಗು ಅವರನ್ನು ನೋಡಿ ಏನು ಮಾಡುತ್ತದೆ ಗಮನಿಸಿ, ಪೊಲೀಸರ ಎದುರಿಗೇ ಒಪ್ಪಿಸಿ. ನಿಮ್ಮ ಮನೆಯ ಮಕ್ಕಳ ಜೇಬಿನಲ್ಲೂ ಫೋನ್ ನಂಬರಿನ ಚೀಟಿ ಇರಲಿ.

5. ಕೆರೆ, ಕಲ್ಯಾಣಿ

ಬೇಸಿಗೆಯಲ್ಲಿ ಕೆರೆ ಒಣಗಿರುತ್ತದೆ, ಮುಂಗಾರು ಬರುವುದು ಜೂನ್ ಮೊದಲ ವಾರದ ಹೊತ್ತಿಗೆ. ಆದರೆ ಅಶ್ವಿನಿ, ಭರಣಿ ಮಳೆ ಏಪ್ರಿಲ್ ಮಧ್ಯದಿಂದಲೇ ಹೊಡೆಯಬಹುದು. ಹಾಗಾಗಿ ಕೈಗೆ ಸಿಗುವುದು ಯುಗಾದಿಯ ಆಸುಪಾಸಿನ ಕೆಲವೇ ವಾರ.

ಕೆರೆ ಯಾರದ್ದು ಅಂತ ಮೊದಲು ತಿಳಿಯಿರಿ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಹಾಯುವ ಜಮೀನು, 40 ಹೆಕ್ಟೇರ್ ಒಳಗಿದ್ದರೆ ಸಾಮಾನ್ಯವಾಗಿ ಪಂಚಾಯತ್ ರಾಜ್ ವ್ಯವಸ್ಥೆಯದ್ದು. ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಯದ್ದು. ಅರ್ಜಿ ಬರೆದು, ಸ್ವೀಕರಿಸಿದ ಸೀಲು ಹಾಕಿಸಿಕೊಳ್ಳಿ. ಹಳೆಯ ಕಲ್ಯಾಣಿಯಾದರೆ ಪುರಾತತ್ವ ಇಲಾಖೆಯ ಬೋರ್ಡ್ ಇದೆಯಾ ನೋಡಿ. ಸಂರಕ್ಷಿತ ಸ್ಮಾರಕವಾದರೆ ಇಲಾಖೆಯವರಿಲ್ಲದೆ ಒಂದು ಕಲ್ಲನ್ನೂ ಅಲುಗಿಸುವಂತಿಲ್ಲ, ಸುಣ್ಣ ಬಣ್ಣ ಬಳಿಯುವಂತಿಲ್ಲ.

ಆಮೇಲೆ ಕೆಲಸ ಹೀಗೆ ನಡೆಯಲಿ.

ಮೊದಲು ಟ್ರ್ಯಾಕ್ಟರ್ ಗೊತ್ತು ಮಾಡಿ, ಆಮೇಲೆ ಜನ ಕರೆಯಿರಿ. ಎತ್ತಿದ ಕಸವನ್ನು ಏರಿ (ಕೆರೆಯ ಮಣ್ಣಿನ ಕಟ್ಟೆ) ಮೇಲೆ ರಾಶಿ ಹಾಕಿ ಫೋಟೋ ತೆಗೆಸಿಕೊಂಡು ಹೋದರೆ ಮೊದಲ ಗಾಳಿಗೇ ಅದು ಕೆರೆಗೆ ವಾಪಸ್. ನೀರಿನ ಮೇಲೆ ತೇಲುವ ಕಳೆ ಅಂತರಗಂಗೆ ಎಳೆದು ಹಾಕಿದ್ದೂ ಅಷ್ಟೇ. ನೀರು ತುಂಬಿದಾಗ ಮುಟ್ಟದಷ್ಟು ದೂರ ಸಾಗಿಸಬೇಕು.

ಬೆಳಿಗ್ಗೆ 6ಕ್ಕೆ ಶುರು ಮಾಡಿ, 9ಕ್ಕೆ ಮುಗಿಸಿ. ಗುದ್ದಲಿ, ಸನಿಕೆ, ಬಾಂಡ್ಲಿ, ಮಚ್ಚು ಮನೆಯಿಂದಲೇ ಬರಲಿ, ಹಿಡಿಗೆ ಹೆಸರಿನ ಬಟ್ಟೆ ಚೂರು ಕಟ್ಟಿರಲಿ. ಇಲ್ಲದಿದ್ದರೆ ಕೊನೆಗೆ ಜಗಳ. ಗಾಜು, ಮುಳ್ಳು, ಹಾವು ಮೂರೂ ಇರುತ್ತವೆ. ಶೂ ಇಲ್ಲದವರು ದಡದ ಮೇಲಿನ ಕೆಲಸ ಮಾಡಲಿ.

ಮೊದಲು ಕಾಲುವೆ ಬಿಡಿಸಿ. ಕೆರೆ ಅಂಗಳ ಕನ್ನಡಿಯಂತಿದ್ದರೂ ನೀರು ಬರುವ ಹಳ್ಳ ಮುಚ್ಚಿಹೋಗಿದ್ದರೆ ಏನೂ ಆಗುವುದಿಲ್ಲ. ಕೋಡಿ, ಅಂದರೆ ತುಂಬಿದ ನೀರು ಹೊರಗೆ ಹೋಗುವ ದಾರಿ, ಅದರ ಮುಂದಿನ ಪೊದೆ ಕಸ ತೆಗೆಯುವುದೂ ನಿಮ್ಮ ಕೈಯಲ್ಲಾಗುವ ಕೆಲಸ. ತೂಬು (ಗದ್ದೆಗೆ ನೀರು ಬಿಡುವ ಕಿಂಡಿ), ಏರಿ ಮಾತ್ರ ಮುಟ್ಟಬೇಡಿ. ಏರಿ ಮೇಲಿನ ಬಳ್ಳಾರಿ ಜಾಲಿಯನ್ನು ಬೇರು ಸಮೇತ ಕಿತ್ತರೆ ಏರಿಯೇ ಸಡಿಲವಾಗುತ್ತದೆ. ಅದನ್ನು ಎಂಜಿನಿಯರ್ ನೋಡಿ ಹೇಳಬೇಕು.

ಹೂಳು ತೆಗೆಯಲು ಜೆಸಿಬಿ ತರಿಸೋಣ ಅಂತ ಯಾರೋ ಹೇಳುತ್ತಾರೆ. ಇಲಾಖೆಯವರು ಗುರುತು ಹಾಕಿ ಕೊಡದೆ ಬೇಡವೇ ಬೇಡ. ಹೂಳಿನ ಹೆಸರಲ್ಲಿ ಇಟ್ಟಿಗೆ ಗೂಡಿಗೆ ಮಣ್ಣು ಹೋಗುವುದು ಒಂದು ಕಡೆ. ಅದಕ್ಕಿಂತ ಭಯದ್ದು ಇನ್ನೊಂದಿದೆ: ಅಲ್ಲಲ್ಲಿ ಬಾವಿಯಂತೆ ಬಗೆದು ಬಿಟ್ಟ ಗುಂಡಿಗಳು ಮೊದಲ ಮಳೆಗೆ ತುಂಬಿ, ರಜೆಯಲ್ಲಿ ಈಜಲು ಹೋದ ಮಕ್ಕಳು ಅದರಲ್ಲಿ ಮುಳುಗುತ್ತಾರೆ. ತೆಗೆದರೆ ಇಳಿಜಾರಾಗಿ, ಒಂದೇ ಮಟ್ಟಕ್ಕೆ ತೆಗೆಯಬೇಕು.

ಗಿಡ ನೆಡುವ ಆಸೆ ಇದ್ದರೆ ತಡೆದುಕೊಳ್ಳಿ. ಯುಗಾದಿಗೆ ನೆಟ್ಟ ಗಿಡಕ್ಕೆ ನೀವು ಹೋದ ಮೇಲೆ ನೀರು ಹಾಕುವವರು ಯಾರು? ಈಗ ಗುಂಡಿ ತೋಡಿಡಿ, ಹೊಂಗೆ ಬೀಜ ಆಯ್ದಿಡಿ, ಸಸಿಗೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಹೆಸರು ಬರೆಸಿ. ನೆಡುವುದು ಜೂನಿಗೆ.

6. ರಕ್ತದಾನ, ಮಕ್ಕಳ ಶಿಬಿರ

ಕಾಲೇಜುಗಳಿಗೆ ಪರೀಕ್ಷೆ, ರಜೆ ಇರುವುದರಿಂದ ಬೇಸಿಗೆಯಲ್ಲಿ ರಕ್ತ ಕೊಡುವವರು ಕಡಿಮೆ. ಶಿಬಿರ ಮಾಡಬೇಕಾದರೆ ಪರವಾನಗಿ ಇರುವ ರಕ್ತ ಕೇಂದ್ರದವರನ್ನು ಒಂದು ತಿಂಗಳು ಮೊದಲೇ ಕಾಣಿ. ವೈದ್ಯರು, ಮಂಚ, ಚೀಲ ಅವರದ್ದು. ಫ್ಯಾನಿರುವ ಕೋಣೆ, ಜನ, ತಿಂಡಿ ನಿಮ್ಮದು. ಕೊಡುವವರಿಗೆ 18ರಿಂದ 65 ವಯಸ್ಸು, ಕನಿಷ್ಠ 45 ಕೆ.ಜಿ. ತೂಕ, ಹಿಮೋಗ್ಲೋಬಿನ್ 12.5 ಇರಬೇಕು. ಒಮ್ಮೆ ಕೊಟ್ಟ ಮೇಲೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಬಿಡುವು. ತೇರಿನ ದಿನ ಇಡಬೇಡಿ, ಅರ್ಧ ಜನ ಉಪವಾಸ ಇರುತ್ತಾರೆ. ಶಾಮಿಯಾನದ ಕೆಳಗೂ ಬೇಡ, ಆ ಸೆಕೆಗೆ ಜನ ತಲೆ ತಿರುಗಿ ಬೀಳುತ್ತಾರೆ.

ಮಕ್ಕಳ ಶಿಬಿರಕ್ಕೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಒಳ್ಳೆಯ ಜಾಗ. ಈಗ ಅದನ್ನು ಅರಿವು ಕೇಂದ್ರ ಅನ್ನುತ್ತಾರೆ. ಬೆಳಿಗ್ಗೆ 8ರಿಂದ 11, ಒಂದು ವಾರ ಸಾಕು. ಮನೆಯವರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. ಯಾವಾಗಲೂ ಇಬ್ಬರು ದೊಡ್ಡವರು ಜೊತೆಗಿರಲಿ, ಒಬ್ಬರು ಹೆಂಗಸಾಗಿರಲಿ. ಕೆರೆ, ಬಾವಿ, ಕಾಲುವೆ ಕಡೆ ಕರೆದುಕೊಂಡು ಹೋಗುವುದು ಬೇಡ. ವ್ಯಕ್ತಿತ್ವ ವಿಕಸನದ ಭಾಷಣಕ್ಕಿಂತ ಬುಟ್ಟಿ ಹೆಣೆಯುವವರನ್ನೋ, ಸೋಬಾನೆ ಪದ ಹೇಳುವ ಅಜ್ಜಿಯನ್ನೋ ಕರೆಸಿ. ಮಕ್ಕಳು ಕೂತು ಕೇಳುತ್ತಾರೆ.

7. ಜನ, ದುಡ್ಡು, ಲೆಕ್ಕ

ವಾಟ್ಸ್ಯಾಪ್ ಗ್ರೂಪಿನಲ್ಲಿ ಹೆಬ್ಬೆರಳು ತೋರಿಸಿದವರನ್ನೆಲ್ಲ ನಂಬಿ ಉಪ್ಪಿಟ್ಟು ಮಾಡಿಸಬೇಡಿ. ಬರುತ್ತೇನೆ ಅಂದವರಲ್ಲಿ ಅರ್ಧ ಬಂದರೆ ಪುಣ್ಯ. ಹಿಂದಿನ ಸಂಜೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಯಾವ ಗಂಟೆಗೆ, ಯಾವ ಕೆಲಸಕ್ಕೆ ಅಂತ ಹೇಳಿ. "ಸುಮ್ನೆ ಬನ್ನಿ" ಅಂದರೆ ಯಾರೂ ಬರುವುದಿಲ್ಲ. "ಎರಡು ಗಂಟೆಯಿಂದ ನಾಲ್ಕರವರೆಗೆ ಲೋಟ ತೊಳೆಯೋಕೆ ನೀವು" ಅಂದರೆ ಬರುತ್ತಾರೆ.

ದುಡ್ಡಿಗಿಂತ ಸಾಮಾನು ಕೇಳಿ. ಒಬ್ಬರು ಮೊಸರು, ಒಬ್ಬರು ಬೆಲ್ಲ, ಒಬ್ಬರು ಟ್ರ್ಯಾಕ್ಟರ್‌ಗೆ ಡೀಸೆಲ್. ದುಡ್ಡು ತೆಗೆದುಕೊಂಡರೆ ನಂಬರ್ ಇರುವ ರಸೀದಿ ಪುಸ್ತಕ ಇರಲಿ, ಲೆಕ್ಕ ಇಬ್ಬರ ಕೈಯಲ್ಲಿರಲಿ. ಫ್ಲೆಕ್ಸ್ ಬೇಡ. ಹಾಕಿದರೆ ಯಾರ ಫೋಟೋ ಮೇಲೆ, ಯಾರದ್ದು ಕೆಳಗೆ ಅನ್ನುವುದರಲ್ಲೇ ತಂಡ ಒಡೆಯುತ್ತದೆ. ನೀರು ಕುಡಿಯುವವರ ಫೋಟೋ ಅವರನ್ನು ಕೇಳದೆ ತೆಗೆಯಬೇಡಿ.

ಕೆಲಸ ಮುಗಿದ ದಿನವೇ ಲೋಟ, ಹಂಡೆ, ಡ್ರಮ್ ಎಣಿಸಿ ವಾಪಸ್ ಕೊಡಿ. ಕಳೆದುಹೋದ ಲೋಟಕ್ಕೆ ದುಡ್ಡು ಕೊಟ್ಟುಬಿಡಿ, ಮುಂದಿನ ಸಲವೂ ಅದೇ ಅಂಗಡಿಗೆ ಹೋಗಬೇಕು. ವಾರದೊಳಗೆ ಬಂದದ್ದು, ಖರ್ಚಾದದ್ದು ಒಂದೇ ಹಾಳೆಯಲ್ಲಿ ಬರೆದು ಪಂಚಾಯಿತಿ ಬೋರ್ಡಿನಲ್ಲೂ ದೇವಸ್ಥಾನದ ಕಂಬಕ್ಕೂ ಅಂಟಿಸಿ. ಎಷ್ಟು ಕ್ಯಾನು ನೀರು, ಎಷ್ಟು ಮೊಸರು ಹೋಯಿತು, ಎಷ್ಟು ಗಂಟೆಗೆ ಖಾಲಿಯಾಯಿತು, ಯಾರು ಕೊನೆತನಕ ನಿಂತರು ಅನ್ನುವುದನ್ನು ರಸೀದಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದು, ಪುಸ್ತಕವನ್ನು ಊರಲ್ಲೇ ಇರುವವರ ಕೈಗೆ ಕೊಟ್ಟು ಬಸ್ಸು ಹತ್ತಿ.